ಗಿಡ್ಡವ್ವನೂ ಬೆಚ್ಚನೆಯ ಹುತ್ತವೂ

ಲೋಕವಿನ್ನೂ ಹಸಿಹಸಿಯಾಗಿದ್ದ ಕಾಲ. ಯಾರು ಎತ್ತರ ಬೆಳೆಯುತ್ತಾರೆಂದು ಮರಗಳಿಗೆ ತಮ್ಮತಮ್ಮಲ್ಲೇ ಪೈಪೋಟಿ. ಕಡಲಾಚೆಯ ದೊಡ್ಡ ಕಾಡಿನಲ್ಲಿ ಅವು ಎಲೆಗೆ ಎಲೆ ಹೆಣೆದು ಆಕಾಶವನ್ನೇ ಮುಚ್ಚಿಬಿಟ್ಟವು. ಅಲ್ಲಿಯ ನೆಲಕ್ಕೆ ಬಿಸಿಲೆಂದರೆ ಬರೀ ಕೇಳಿದ ಸುದ್ದಿ.

ಆ ನೆರಳಿನ ತೊರೆಯೊಂದರಲ್ಲಿ ಗಿಡ್ಡವ್ವ ಎಂಬ ಪುಟ್ಟ ಮೊಸಳೆ ಇದ್ದಳು. ಮೈ ಆಗ ಬಾಳೆದಿಂಡಿನಷ್ಟು ಮೆತ್ತಗೆ. ಏಡಿ, ಬಸವನಹುಳು ಹಿಡಿದು ತಿನ್ನುವಳು, ದಣಿದರೆ ಟೊಳ್ಳು ಮರದೊಳಗೆ ಮಲಗುವಳು.

ಮೊಟ್ಟೆಯಿಡುವ ಕಾಲ ಬಂತು. ಮೊಟ್ಟೆಗೆ ಕಾವು ಬೇಕು. ಗಿಡ್ಡವ್ವ ದೊಡ್ಡ ಹೊಳೆಯವರೆಗೂ ನಡೆದಳು. ಅಲ್ಲಿಯ ಬಿಸಿಲು ಮರಳಿನ ತುಂಬ ದೊಡ್ಡ ಮೊಸಳೆಗಳು ಮಲಗಿದ್ದವು.

“ನಿನ್ನ ಮೊಟ್ಟೆಗೆ ಮರಳು ಯಾಕವ್ವ? ಒಂದು ಎಲೆ ಹೊದಿಸಿದರೆ ಸಾಕು,” ಎಂದು ನಕ್ಕವು.

ಕಾಡಿಗೆ ಹಿಂತಿರುಗಿ ಕಾವು ಕೊಡೆಂದು ಗಾಳಿಯನ್ನು ಕೇಳಿದಳು. ತನ್ನಲ್ಲಿರುವುದು ತಂಪು ಮಾತ್ರ ಎಂದಿತು ಗಾಳಿ. ಮರವನ್ನು ಕೇಳಿದಳು. ಬಿಸಿಲನ್ನೆಲ್ಲ ತಾನೇ ತಿಂದೆನೆಂದು ಮರಕ್ಕೆ ನಾಚಿಕೆಯಾಯಿತು. ಬುಡದಲ್ಲಿದ್ದ ಗೆದ್ದಲಿನ ಹುತ್ತವನ್ನು ತೋರಿಸಿ, ಅದಕ್ಕೆ ತಗಲಿದ ಬೇರು ಎಂದೂ ತಣ್ಣಗಾಗಿಲ್ಲ ಎಂದಿತು.

ಗಿಡ್ಡವ್ವ ಹುತ್ತಕ್ಕೆ ಕೆನ್ನೆಯೊತ್ತಿದಳು. ಬೆಚ್ಚಗಿತ್ತು. ಮಗ್ಗುಲಲ್ಲಿ ಒಂದಿಷ್ಟು ಜಾಗ ಬೇಡಿದಳು.

ಮುದಿ ಗೆದ್ದಲಮ್ಮ ಹೊರಗೆ ಬಂದಳು. “ಕಟ್ಟುವವರು ನಾವು, ನುಗ್ಗುವುದು ಹಾವು. ಕೇಳಿದವಳು ನೀನೊಬ್ಬಳೇ ತಂಗಿ. ಇಡು. ಆದರೆ ನಮ್ಮನ್ನು ನೆಕ್ಕಿ ತಿನ್ನುವ ಆ ಉದ್ದಮೂತಿಯವನು ಬಂದರೆ?”

“ಬರಲಿ,” ಎಂದಳು ಗಿಡ್ಡವ್ವ.

ತರಗೆಲೆ ಗುಡ್ಡೆಹಾಕಿ ಅದರೊಳಗೆ ಮೊಟ್ಟೆಯಿಟ್ಟು ಕಾವಲು ಮಲಗಿದಳು. ಗೆದ್ದಲು ನೆಕ್ಕುವ ಇರುವೆಬಾಕ ಬಂದೇ ಬಂದ. ಅವನ ಉಗುರಿಗೆ ಅವಳ ಮೆತ್ತನೆಯ ಬೆನ್ನು ಸೀಳಿತು. ಅವಳು ಕದಲಲಿಲ್ಲ. ಮೂತಿಗೇ ಬಾಯಿ ಹಾಕಿದಳು. ಅವನು ಬಂದ ದಾರಿ ಹಿಡಿದ.

ನೋವಿಗೆ ಗಿಡ್ಡವ್ವ ಕಣ್ಣು ಮುಚ್ಚಿದಾಗ ಗೆದ್ದಲುಗಳು ಸಾಲುಗಟ್ಟಿ ಬಂದು ಗಾಯಕ್ಕೆ ಮಣ್ಣು ಮೆತ್ತಿದವು. ಗೆದ್ದಲಿಗೆ ಕಟ್ಟುವುದು ಗೊತ್ತು, ನಿಲ್ಲಿಸುವುದು ಗೊತ್ತಿಲ್ಲ. ಬೆನ್ನಾಯಿತು, ಹೊಟ್ಟೆಯಾಯಿತು, ಕಣ್ಣಿನ ರೆಪ್ಪೆಗೂ ಮೆತ್ತಿದವು. ಆಮೇಲೆ ಮೊಟ್ಟೆಗಳಿಗೂ.

ಗಿಡ್ಡವ್ವ ಎದ್ದು ನೋಡಿದರೆ ಮೊಟ್ಟೆಗಳಿಲ್ಲ, ಕಲ್ಲಿನಂಥ ಮಣ್ಣಿದೆ. ಮಕ್ಕಳನ್ನು ಹೂತುಬಿಟ್ಟರೆಂದು ಹುತ್ತ ಒಡೆಯಲು ಬಾಲವೆತ್ತಿದಳು.

“ಒಡೆದರೆ ಕಾವು ಹೋಗುತ್ತದೆ ತಂಗಿ,” ಎಂದಳು ಗೆದ್ದಲಮ್ಮ. “ಮುಚ್ಚುವುದಷ್ಟೇ ನಮ್ಮ ಕಸುಬು. ಒಳಗಿನಿಂದ ಕರೆದಾಗ ತೆರೆಯಬೇಕಾದವಳು ನೀನು.”

ಎತ್ತಿದ ಬಾಲವನ್ನು ಗಿಡ್ಡವ್ವ ಮೆಲ್ಲಗೆ ಇಳಿಸಿದಳು. ಉದ್ದಮೂತಿಯವನನ್ನು ಓಡಿಸಿದ್ದಕ್ಕಿಂತ ಅದು ಕಷ್ಟವಾಗಿತ್ತು.

ಮಳೆ ಬಂತು, ಮಳೆ ಹೋಯಿತು. ಹಸಿವಾದರೆ ತೊರೆಗೆ ಹೋಗುವಳು, ಮತ್ತೆ ಬಂದು ಮಣ್ಣಿಗೆ ಕಿವಿಯೊತ್ತುವಳು. ಒಂದು ಬೆಳಗ್ಗೆ ಒಳಗಿನಿಂದ ಸಣ್ಣ ದನಿ: ಕುರ್, ಕುರ್. ಗಿಡ್ಡವ್ವ ಉಗುರು ಸವೆಯುವಂತೆ ಕೆರೆದಳು. ಮಣ್ಣು ಬಿರಿಯಿತು. ಬೆರಳುದ್ದದ ಮರಿಗಳನ್ನು ಬಾಯಲ್ಲೇ ಹೊತ್ತು ತೊರೆಗಿಳಿಸಿದಳು. ನೀರಿನಲ್ಲಿ ಎಷ್ಟು ಮುಳುಗಿದರೂ ಅವಳ ಮೈಯ ಮಣ್ಣು ಮಾತ್ರ ಕರಗಲಿಲ್ಲ.

ಅದಕ್ಕೇ ಮಗು, ಆ ಕಾಡಿನ ಪುಟ್ಟ ಮೊಸಳೆಗೆ ಇಂದಿಗೂ ರೆಪ್ಪೆಯವರೆಗೆ ಗಟ್ಟಿ ಕವಚ. ಅದಕ್ಕೇ ಅವಳು ಇಂದಿಗೂ ಹುತ್ತದ ಮಗ್ಗುಲಲ್ಲೇ ಮೊಟ್ಟೆಯಿಟ್ಟು, ಮಣ್ಣಿಗೆ ಕಿವಿಗೊಟ್ಟು, ಮಕ್ಕಳ ಕರೆಗೆ ಕಾಯುತ್ತಾಳೆ.