ಹೊಸದು ಒಂದು ಸಲಕ್ಕೆ ಒಂದೇ

ಹರಿಹರದ ಹಾಲಮ್ಮನಿಗೆ ಒಬ್ಬನೇ ಮಗ, ಮರುಳಪ್ಪ. ಅದು ಕುಲದೇವರ ಹೆಸರು. ಊರಿನವರು ಅದರಲ್ಲಿ ಬೇರೆ ಅರ್ಥ ಕಂಡರೆ ತಪ್ಪು ದೇವರದಲ್ಲ. ಮಗನೆಂದರೆ ಹಾಲಮ್ಮನಿಗೆ ಬಲು ಹೆಮ್ಮೆ. ಹೇಳಿದ ಮಾತು ಮೀರದ ಮಗ ಎಷ್ಟು ಮನೆಗಳಲ್ಲಿದ್ದಾನೆ? ಅವಳ ತಲೆನೋವೂ ಅದೇ. ಹೇಳಿದ್ದನ್ನು ಹೇಳಿದಂತೆಯೇ ಮಾಡುತ್ತಿದ್ದ.

ಅವನ ಮುಖದ ಚರ್ಮ ನಾಜೂಕು. ಹೊಸ ಸೋಪು ತಾಗಿದರೆ ಸಾಕು, ಪೂರಿಯ ಹಾಗೆ ಉಬ್ಬುತ್ತಿತ್ತು. ಆ ಮುಖ ನೋಡಿಯೇ ಎರಡು ಸಂಬಂಧ ತಿರುಗಿ ಹೋಗಿದ್ದವು. ಈಗ ಮೂರನೆಯವರು ಗಂಡಿನ ಮನೆ ನೋಡಲು ಬರುವವರಿದ್ದರು. ಹಾಲಮ್ಮ ಚರ್ಮದ ಡಾಕ್ಟರಮ್ಮನನ್ನು ಕೇಳಿ ಕ್ರೀಮು ತಂದಳು.

"ನೇರ ಮುಖಕ್ಕೆ ಬಳಿಯಬೇಡ ಕಣೋ. ಮೊದಲು ಕಿವಿ ಹಿಂದೆ ಹಚ್ಚಿ ನೋಡು!"

"ಆಗಲಮ್ಮ!"

ಹಚ್ಚಿದ. ನೋಡಲು ಹೋದ. ಬಲಕ್ಕೆ ತಿರುಗಿದ, ಕಿವಿಯೂ ಬಲಕ್ಕೆ ತಿರುಗಿತು. ಎಡಕ್ಕೆ ತಿರುಗಿದ, ಕಿವಿಯೂ ಎಡಕ್ಕೆ ತಿರುಗಿತು. ಮಧ್ಯಾಹ್ನ ಹಾಲಮ್ಮ ಬಂದಾಗ ಅಂಗಳದಲ್ಲಿ ಬುಗುರಿಯ ಹಾಗೆ ಸುತ್ತುತ್ತಿದ್ದ.

"ಏನೋ ಇದು!"

"ಹಚ್ಚಿದ್ದಾಯ್ತಮ್ಮ, ನೋಡೋದು ಬಾಕಿ!"

"ಅಯ್ಯೋ ಪೆದ್ದಾ! ಹಚ್ಚಿ ನೋಡು ಅಂದ್ರೆ ಕಣ್ಣಲ್ಲಿ ನೋಡೋದಲ್ಲ! ಒಂದು ದಿನ ಹಾಗೇ ಬಿಡು. ಕೆಂಪಾಗದಿದ್ರೆ ಮುಖಕ್ಕೆ ಹಚ್ಚು, ಬಟಾಣಿಯಷ್ಟು!"

"ಆಗಲಮ್ಮ!"

ಕಿವಿ ಕೆಂಪಾಗಲಿಲ್ಲ. ಮರುಳಪ್ಪ ಅಡುಗೆಮನೆಯ ಬಟಾಣಿ ಡಬ್ಬಿ ಇಳಿಸಿ ಅಳೆದ. ಒಂದು ಸೇರು ಇತ್ತು. ಕ್ರೀಮು ಅಷ್ಟಿರಲಿಲ್ಲ. ಇದ್ದಷ್ಟನ್ನೂ ಹಿಂಡಿ ಮೆತ್ತಿಕೊಂಡು, ಕಡಿಮೆ ಬಿತ್ತಲ್ಲ ಎಂದು ಬೇಸರದಿಂದ ಕುಳಿತ.

"ಉರೀತಿದೆಯೇನೋ?"

"ಉರೀತಿದೆಯಮ್ಮ. ಬಟಾಣಿ ಇನ್ನೂ ಮಿಕ್ಕಿದೆ, ಕ್ರೀಮು ತರಿಸು!"

"ಒಂದೇ ಕಾಳಿನಷ್ಟು ಕಣೋ! ಹೋಗು, ಮುಖ ತೊಳೆದು ತಣ್ಣಗಿರೋದೇನಾದ್ರೂ ಹಚ್ಚು!"

ಫ್ರಿಜ್ಜಿನಲ್ಲಿ ಐಸು ತಣ್ಣಗಿತ್ತು. ಮೊಸರು ತಣ್ಣಗಿತ್ತು. ನಿನ್ನೆಯ ಕೆಂಪು ಚಟ್ನಿಯೂ ತಣ್ಣಗಿತ್ತು. ಮೂರನ್ನೂ ಹಚ್ಚಿದ. ಅವನ ಕೂಗು ಹೊಳೆದಂಡೆಯವರೆಗೂ ಕೇಳಿತು.

"ಯಾವುದರಿಂದ ಉರೀತಿದೆಯೋ?"

"ಹೇಗೆ ಹೇಳಲಮ್ಮ? ಮೂರೂ ಹೊಸದು!"

ಮಾತಿನಲ್ಲಿ ನ್ಯಾಯವಿತ್ತು. ಹಾಲಮ್ಮನಿಗೆ ಮೊದಲು ಹೆಮ್ಮೆಯಾಯಿತು, ಬೈದದ್ದು ಆಮೇಲೆ.

"ಕೇಳಿಲ್ಲಿ! ಹೊಸದು ಯಾವುದೇ ಇರಲಿ, ಒಂದು ಸಲಕ್ಕೆ ಒಂದೇ! ಅದು ಒಗ್ಗಿದ ಮೇಲೆ ಇನ್ನೊಂದು, ಹದಿನೈದು ದಿನ ಬಿಟ್ಟು! ಉರಿ ಅಂದ್ರೆ ಬರೀ ತಣ್ಣೀರು, ಬೇರೇನೂ ಬೇಡ!"

"ಆಗಲಮ್ಮ!"

ಬರೀ ತಣ್ಣೀರಿನಲ್ಲೇ ಮುಖ ತಿಳಿಯಾಯಿತು. ಭಾನುವಾರ ಹೆಣ್ಣಿನವರು ಬಂದರು: ಹುಡುಗಿ ಗಂಗಾಂಬಿಕೆ, ಅವಳ ಅಪ್ಪ, ಎಲ್ಲರಿಗಿಂತ ಮುಂದೆ ಅವಳ ಸೋದರತ್ತೆ. ಮರುಳಪ್ಪ ಹೊಸಿಲಲ್ಲಿ ಕೈಮುಗಿದು ನಿಂತಿದ್ದ. ಮುಖ ಹೊಳೆಯುತ್ತಿತ್ತು. ಕಾಫಿ ತಟ್ಟೆ ಹಿಡಿದ ಹಾಲಮ್ಮನ ಎದೆಯುಬ್ಬಿತು.

ಸೋದರತ್ತೆ ಒಳಗೆ ಕಾಲಿಟ್ಟಳು. ಮರುಳಪ್ಪ ಬಾಗಿಲು ಮುಚ್ಚಿ ಚಿಲಕ ಹಾಕಿದ.

"ಮಿಕ್ಕವರು ಹದಿನೈದು ದಿನ ಬಿಟ್ಟು ಬನ್ನಿ! ಮೊದಲು ಇವರು ಒಗ್ಗಲಿ!"

"ಯಾವ ಸೀಮೆ ಗಂಡೋ ನೀನು! ತೆಗಿಯೋ ಬಾಗಿಲು!" ಎಂದು ಸೋದರತ್ತೆ ಕಿರುಚಿದಳು. "ನಿನ್ನ ನೋಡಿದ್ರೆ ಮೈಯೆಲ್ಲಾ ಉರೀತಿದೆ ನಂಗೆ!"

"ಉರೀತಿದೆಯಾ?"

ತುಂಬಿದ ಕೊಡ ಎತ್ತಿ ಅವಳ ನೆತ್ತಿಯ ಮೇಲೆ ಸುರಿದ. ಬರೀ ತಣ್ಣೀರು. ಬೇರೇನೂ ಬೆರೆಸಿರಲಿಲ್ಲ.

ಸೋದರತ್ತೆಗೆ ಮಾತೇ ಹೊರಡಲಿಲ್ಲ. ಈ ಸಂಬಂಧವೂ ಹೋಯಿತು ಎಂದುಕೊಂಡಳು ಹಾಲಮ್ಮ. ಆದರೂ ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಎಂಥ ಮಗ!

ಅಷ್ಟರಲ್ಲಿ ಕಿಟಕಿಯ ಹೊರಗಿನಿಂದ ಗಂಗಾಂಬಿಕೆಯ ನಗು ಕೇಳಿಸಿತು. "ಅಪ್ಪಾ, ಅತ್ತೆ ಬಾಯಿ ಮುಚ್ಚಿದ್ದು ಇವತ್ತಿನವರೆಗೆ ನಾನು ಕಂಡೇ ಇರಲಿಲ್ಲ. ನನಗೆ ಒಪ್ಪಿಗೆ!"

ಹಾಲಮ್ಮ ಚಿಲಕ ತೆಗೆಯಲು ಓಡಿದಳು. ಮರುಳಪ್ಪ ಅಡ್ಡ ನಿಂತ.

"ತಾಳಮ್ಮ! ಸಲಕ್ಕೆ ಒಂದೇ ಅಂದೋಳು ನೀನೇ! ಮೊದಲು ಈ ಅತ್ತೆ ಜೊತೆ ಮದುವೆ ಆಗಲಿ. ಆ ಹುಡುಗಿ ಹದಿನೈದು ದಿನ ಬಿಟ್ಟು!"

ಸೋದರತ್ತೆಯ ಮುಖ ಕೆಂಪೇರಿತು. ಅದನ್ನು ಕಂಡು ಅವನು ಇನ್ನೊಂದು ಕೊಡ ತುಂಬಲು ಹೋದ.