ನಾಯಿಕೊಡೆಯೂ ಹಸಿರುಗಣ್ಣಿನ ಶಾರ್ಕೂ

ದುಗ್ಗಪ್ಪ ಕಡಲೂರಿನವನು. ಕಾಡಂಚಿನ ಆಶ್ರಮಕ್ಕೆ ಬಂದು ಬಹಳ ವರ್ಷಗಳಾಗಿದ್ದವು. ಚೆನ್ನಾಗಿ ಕಲಿತಿದ್ದ. ಚೆನ್ನಾಗಿ ಕಲಿತಿದ್ದೇನೆ ಎಂಬುದು ಅವನಿಗೂ ಗೊತ್ತಿತ್ತು. ತೊಂದರೆ ಇದ್ದದ್ದು ಅಲ್ಲೇ.

ಒಂದು ಬೆಳಿಗ್ಗೆ ಅವನ ಸೋದರತ್ತೆ ಅಕ್ಕಣಿ ಊರಿನಿಂದ ನಡೆದು ಬಂದಳು.

"ಮಕ್ಕಳಿಗೆ ನಾಲ್ಕು ಅಕ್ಷರ ಹೇಳಿಕೊಡುವವರಿಲ್ಲ ಗುರುಗಳೇ. ನಮ್ಮ ಹುಡುಗನನ್ನು ಕಳಿಸಿಕೊಡಿ ಮಾರಾಯ್ರೇ."

ಗುರುಗಳು ಅವಳನ್ನು ಜಗಲಿಯಲ್ಲಿ ಕೂರಿಸಿ, ಶಿಷ್ಯನೊಡನೆ ಅಂಗಳದ ಅಂಚಿಗೆ ನಡೆದರು.

"ನಾನು ಹೋಗುವುದಿಲ್ಲ," ಎಂದ ದುಗ್ಗಪ್ಪ. "ಊರೂರಲ್ಲೂ ಬೋಧಕರು ನಾಯಿಕೊಡೆಗಳ ಹಾಗೆ ಏಳುತ್ತಿದ್ದಾರೆ. ಬೆಳಿಗ್ಗೆ ಎದ್ದು ಸಂಜೆಗೆ ಕೊಳೆಯುತ್ತಾರೆ. ನನಗೆ ಆ ಗತಿ ಬೇಡ."

"ಮತ್ತೇನಾಗಬೇಕು ನಿನಗೆ?"

"ನಮ್ಮ ಕಡಲಿನ ಆಳದಲ್ಲಿ ಹಸಿರುಗಣ್ಣಿನ ಶಾರ್ಕ್ ಇದೆ. ಬೆಳಕು ಇಳಿಯದ ಕಡೆ ಒಂಟಿಯಾಗಿ ಈಜುತ್ತದೆ. ಯಾರ ಹಂಗೂ ಇಲ್ಲ. ನಾನು ಹಾಗಿರಬೇಕು."

"ನೋಡಿದ್ದೀಯಾ ಅದನ್ನು?"

"ಒಮ್ಮೆ. ಅಪ್ಪನ ಗಾಳಕ್ಕೆ ಸಿಕ್ಕಿತ್ತು."

"ಹೇಗಿತ್ತು?"

"ಕಣ್ಣು ಪಚ್ಚೆಯ ಹಾಗೆ ಹೊಳೆಯುತ್ತಿತ್ತು." ಅವನ ದನಿ ಇಳಿಯಿತು. "ದೋಣಿಗೆ ಬರುವಷ್ಟರಲ್ಲಿ ಸತ್ತಿತ್ತು."

ಗುರುಗಳು ಹುತ್ತದ ಪಕ್ಕ ಎದ್ದಿದ್ದ ಅಣಬೆಯೊಂದನ್ನು ತೋರಿಸಿದರು. "ಇಗೋ, ನಿನ್ನ ನಾಯಿಕೊಡೆ. ಅಗೆ. ಬುಡ ಸಿಗುವವರೆಗೆ ನಿಲ್ಲಿಸಬೇಡ."

ಚಿಟಿಕೆ ಹೊಡೆಯುವುದರಲ್ಲಿ ಮುಗಿಯುವ ಕೆಲಸ ಎಂದುಕೊಂಡು ದುಗ್ಗಪ್ಪ ಅಗೆಯತೊಡಗಿದ. ಮೊಣಕೈವರೆಗೆ ಮಣ್ಣು ಮೆತ್ತಿತು. ಅಣಬೆಯ ಕಾಲು ಬೇರಿನ ಹಾಗೆ ಇನ್ನೂ ಕೆಳಕ್ಕೆ ಹೋಗುತ್ತಲೇ ಇತ್ತು. ಕೊನೆಗೆ ಗೆದ್ದಲು ಕಟ್ಟಿದ ಗೂಡು ಸಿಕ್ಕಿತು. ಅದರ ತುಂಬ ಬಿಳಿ ಎಳೆಗಳು. ಅಣಬೆ ಹುಟ್ಟಿದ್ದು ಅಲ್ಲಿ.

"ಹೋದ ವರ್ಷವೂ ಇಲ್ಲೇ ಎದ್ದಿತ್ತು," ಎಂದರು ಗುರುಗಳು. "ನನ್ನ ಗುರುಗಳ ಕಾಲದಲ್ಲೂ ಇಲ್ಲೇ. ಸಂಜೆಗೆ ಕೊಳೆಯುವುದು ಮೇಲಿನ ಕೊಡೆ ಮಾತ್ರ."

ದುಗ್ಗಪ್ಪನಿಗೆ ನಾಚಿಕೆಯಾಯಿತು. "ಹಾಗಾದರೆ ಇದೂ ಕತ್ತಲಲ್ಲೇ ಬಾಳುವುದು!"

"ಹೌದು. ಗುಡುಗು ಕರೆದಾಗ ಮೇಲೆ ಬರುತ್ತದೆ. ಹಸಿದವರು ಉಣ್ಣುತ್ತಾರೆ."

ಜಗಲಿಯಲ್ಲಿ ಅಕ್ಕಣಿ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ಇತ್ತಲೇ ನೋಡುತ್ತಿದ್ದಳು.

ದುಗ್ಗಪ್ಪ ಇನ್ನೂ ಸೋಲಲಿಲ್ಲ. "ಆದರೂ ಗುರುಗಳೇ, ಆಳ ಸಿಕ್ಕಿದವನು ಮೇಲೆ ಬರಲೇಬೇಕೇ?"

"ಅದನ್ನು ನಿನ್ನ ಅತ್ತೆಯನ್ನೇ ಕೇಳು," ಎಂದರು ಗುರುಗಳು. "ನೀರಿಗಿಳಿದವನು ಮೇಲೆ ಬರದೇ ಹೋದರೆ ನಿಮ್ಮೂರಲ್ಲಿ ಏನನ್ನುತ್ತಾರೆ?"