ಕಹಿನೀರು ಹೊತ್ತ ತುಳಸು

ಒಂದಾನೊಂದು ಕಾಲದಲ್ಲಿ, ಅಂದ್ರೆ ನನ್ನಜ್ಜಿಯ ಅಜ್ಜಿಗೆ ಇನ್ನೂ ಹಾಲುಹಲ್ಲು ಬಿದ್ದಿರದ ಕಾಲ ಅಂತಿಟ್ಕೋ, ಕಡಲ ಹಿನ್ನೀರಿನ ದಂಡೆ ಮೇಲೆ ಒಂದು ಉಪ್ಪಿನಾಗರ ಇತ್ತಂತೆ. ಆಗರ ಅಂದ್ರೆ ಗೊತ್ತಲ್ಲ, ಗದ್ದೆ ಹಾಗೇ ಮಡಿ ಮಡಿ ಮಾಡಿ, ಕಡಲ ನೀರು ಒಳಗೆ ಬಿಟ್ಟು, ಬಿಸಿಲಿಗೆ ಒಣಗಿಸಿ ಉಪ್ಪು ಬೆಳೆಯೋ ಜಾಗ. ಕಾಲು ಆಡಿಸ್ಬೇಡ, ಕಂಬಳಿ ಜಾರ್ತದೆ. ಅಲ್ಲಿ ಬೀರಮ್ಮ ಅಂತ ಒಬ್ಬಳು ಇದ್ಲಂತೆ, ಅವಳಿಗೆ ಮೂರು ಗಂಡುಮಕ್ಕಳು, ಮೂವರಿಗೂ ಮದುವೆಯಾಗಿ ಮನೆಗೆ ಮೂರು ಜನ ಸೊಸೆಯಂದಿರು ಬಂದಿದ್ರಂತೆ. ದೊಡ್ಡವಳು ತುಳಸು, ಎತ್ತಿನ ಹಾಗೆ ದುಡಿಯೋಳು, ಆದ್ರೆ ಹೊಟ್ಟೆಕಿಚ್ಚಿನವಳು. ನಡುವಿನವಳು ಗಿರಿಜಿ, ಊಟದ ಹೊತ್ತಿಗೆ ಮಾತ್ರ ಚುರುಕು. ಕಿರಿಯವಳು ಸೋಮಿ, ಅವಳೂ ಬೇರೆ ಊರಿನ ಆಗರದವರ ಮನೆ ಹುಡುಗಿಯೇ, ಬಂದು ಇನ್ನೂ ಒಂದು ಮಳೆಗಾಲ ಕಳೆದಿರಲಿಲ್ಲಂತೆ.

ಆ ಮನೆಯಲ್ಲಿ ಒಲೆ ಮೂರು, ಉಪ್ಪಿನ ಭರಣಿ ಮಾತ್ರ ಒಂದೇ. ಆ ಭರಣಿಗೆ ಕೈ ಹಾಕೋ ಅಧಿಕಾರ ಮನೆ ಯಜಮಾನ್ತಿ ಒಬ್ಬಳಿಗೇ. ಉಪ್ಪನ್ನ ಕೈಯಿಂದ ಕೈಗೆ ಕೊಟ್ರೆ ಜಗಳ ಹುಟ್ತದೆ ಅಂತಾರಲ್ಲ, ಅದಕ್ಕೆ ಉಳಿದವರು ದಿನಾ ಬೆಳಿಗ್ಗೆ ಒಂದೊಂದು ತೆಂಗಿನ ಗೆರಟೆ ಹಿಡ್ಕೊಂಡು ಬಂದು, ಸ್ವಲ್ಪ ಉಪ್ಪು ಹಾಕು ಅಂತ ಕೇಳ್ಬೇಕು. ತುಳಸು ಮದುವೆಯಾಗಿ ಬಂದ ದಿನದಿಂದ ಗೆರಟೆ ಹಿಡಿದು ಹಿಡಿದು, ಇವತ್ತಲ್ಲ ನಾಳೆ ಈ ಭರಣಿ ನಂದೇ ಅಂತ ಕಾಯ್ತಿದ್ಲಂತೆ. ಕಾಯೋದ್ರಲ್ಲಿ ತಪ್ಪೇನಿದೆ ಹೇಳು, ದುಡಿದೋಳು ಅವಳೇ ತಾನೇ.

ಆಮೇಲೆ ಏನಾಯ್ತಪ್ಪಾ ಅಂದ್ರೆ, ಬೀರಮ್ಮಂಗೆ ಕಣ್ಣು ಮಂಜಾಯ್ತಂತೆ, ಕಾಲು ಬಾತ್ಕೊಳ್ತಂತೆ. ಸೊಸೆಯಂದಿರನ್ನ ಕರೆದು, ಇನ್ನು ನಂಗಾಗಲ್ಲ, ಒಬ್ಬೊಬ್ಬರಿಗೆ ಒಂದೊಂದು ಮಡಿ ಕೊಡ್ತೀನಿ, ಈ ಬೇಸಿಗೆ ಉಪ್ಪು ಮಾಡಿ, ಮೂರು ಪರೀಕ್ಷೆ ಇಡ್ತೀನಿ, ಯಾರ ಉಪ್ಪು ಒಳ್ಳೇದೋ ಅವಳಿಗೆ ಭರಣಿ ಅಂದ್ಲಂತೆ. ಅಂದೋಳು ಸುಮ್ನಿರಬಾರದಾ, ನಮ್ಮ ಸೋಮಿ ಕೈ ಬಲೇ ಚುರುಕಪ್ಪ ಅಂತ ಬಾಲ ಬೇರೆ ಸೇರಿಸಿದ್ಲಂತೆ. ಅಯ್ಯೋ, ತುಳಸು ಹೊಟ್ಟೆಗೆ ಕೆಂಡ ಸುರಿದ ಹಾಗಾಯ್ತು! ನಿನ್ನೆ ಮೊನ್ನೆ ಬಂದವಳು ಭರಣಿ ಮುಂದೆ ಕೂತ್ಕೋಬೇಕು, ನಾನು ಅವಳ ಮುಂದೆ ಗೆರಟೆ ಹಿಡಿದು ನಿಲ್ಬೇಕು, ಅದಕ್ಕಿಂತ ಹೊಳೆಗೆ ಹಾರೋದೇ ವಾಸಿ ಅಂದ್ಕೊಂಡ್ಲಂತೆ. ನಗ್ತೀಯಾ? ನಿನ್ನ ತಂಗಿಗೆ ಹೊಸ ಲಂಗ ತಂದ ದಿನ ನಿನ್ನ ಮೂತಿ ಹೆಂಗಿತ್ತು ಅಂತ ನಾನು ನೋಡಿಲ್ವಾ?

ಸರಿ, ಮೂವರೂ ಮಡಿಗೆ ನೀರು ಕಟ್ಟಿದ್ರಂತೆ. ಬಿಸಿಲು ಏರ್ತಾ ಏರ್ತಾ ನೀರು ಇಳೀತು, ತಳದಲ್ಲಿ ಹರಳು ಕಟ್ಟೋಕೆ ಶುರುವಾಯ್ತು, ಒಂದೊಂದು ಹರಳೂ ನಾಲ್ಕು ಮೂಲೆ ಇರೋ ಪುಟ್ಟ ಪೆಟ್ಟಿಗೆ ಹಾಗೆ. ತುಳಸು ತನ್ನ ಮಡಿ ನೋಡಿದ್ದಕ್ಕಿಂತ ಸೋಮಿ ಮಡಿ ನೋಡಿದ್ದೇ ಹೆಚ್ಚಂತೆ. ಒಂದಿನ ನೋಡ್ತಾಳೆ, ಸೋಮಿ ಮಡಿಯಲ್ಲಿ ಉಳಿದ ನೀರಿಗೆ ಬೆರಳದ್ದಿ ನಾಲಿಗೆಗೆ ಇಟ್ಕೊಂಡ್ಲು, ಮುಖ ಹಿಂಡಿದ್ಲು, ಆಮೇಲೆ ಬದು ಒಡೆದು ಆ ನೀರನ್ನೆಲ್ಲ ಕಾಲುವೆಗೆ ಬಿಟ್ಟೇಬಿಟ್ಲು. ತುಳಸು ಅಂದ್ಕೊಂಡ್ಲಂತೆ, ಹುಚ್ಚಿ! ಇಷ್ಟು ಗಟ್ಟಿ ನೀರು, ಎಷ್ಟು ಉಪ್ಪಿದ್ದೀತು ಇದರಲ್ಲಿ, ಚೆಲ್ತಾಳಲ್ಲ! ಸೋಮಿ ಆ ಕಡೆ ಹೋಗಿದ್ದೇ ತಡ, ಕೊಡ ತಗೊಂಡು ಆ ಕಾಲುವೆ ನೀರನ್ನ ಹೊತ್ತು ಹೊತ್ತು ತನ್ನ ಮಡಿಗೆ ಸುರಿದ್ಲಂತೆ. ಸೊಂಟ ಬಿದ್ದುಹೋಗೋ ಹಾಗೆ ಹೊತ್ಲಂತೆ ಪಾಪಿ!

ಅದು ಏನ್ ನೀರು ಗೊತ್ತಾ? ಕಡಲ ನೀರಲ್ಲಿ ಬರೀ ಉಪ್ಪಿರಲ್ಲ ಮಗಾ, ಕಹಿನೂ ಇರ್ತದೆ. ನೀರು ಆರ್ತಾ ಆರ್ತಾ ಮೊದಲು ಉಪ್ಪು ಹರಳಾಗಿ ತಳಕ್ಕೆ ಕೂರ್ತದೆ, ಕಹಿ ಮಾತ್ರ ನೀರಲ್ಲೇ ನಿಲ್ತದೆ. ಆ ಹೊತ್ತಿಗೆ ಸರಿಯಾಗಿ ಆ ನೀರನ್ನ ಹೊರಗೆ ಬಿಡ್ಬೇಕು. ಬಿಡದೆ ಪೂರ್ತಿ ಒಣಗಿಸಿದ್ರೆ ಕಹಿನೂ ಉಪ್ಪಿನ ಜೊತೆ ಕೂತ್ಬಿಡ್ತದೆ. ತುಳಸು ತನ್ನ ಮಡಿಯ ಕಹಿನೀರನ್ನೂ ಬಿಡಲಿಲ್ಲ, ಸೋಮಿ ಬಿಟ್ಟ ಕಹಿನೀರನ್ನೂ ತಂದು ಸುರಿದ್ಲು. ಆದ್ರೂ ಕೊನೆಗೆ ಅವಳ ರಾಶಿಯೇ ಎಲ್ಲರದಕ್ಕಿಂತ ದೊಡ್ಡದಾಯ್ತಂತೆ. ಸೊಂಟದ ಮೇಲೆ ಕೈಯಿಟ್ಕೊಂಡು ಮೆರೆದದ್ದೇ ಮೆರೆದದ್ದು.

ಆಮೇಲೆ ಅತ್ತೆ ಮೂರು ಪುಟ್ಟ ಬುಟ್ಟಿಯಲ್ಲಿ ಮೂವರ ಉಪ್ಪು ತುಂಬಿಸಿ ಜಗಲಿಯಲ್ಲಿ ಸಾಲಾಗಿ ಇಟ್ಲಂತೆ. ಮೊದಲನೇ ಪರೀಕ್ಷೆ ಗಂಜಿ. ಗಿರಿಜಿ ಉಪ್ಪು ಹಾಕಿದ ಗಂಜಿ ಕುಡಿದ್ರೆ ಹಲ್ಲಿಗೆ ಕೆಸರು ಸಿಕ್ತಂತೆ, ಸೋಮಿ ನೀರು ಬಿಟ್ಟದ್ದು ನೋಡಿ ತಾನೂ ಬಿಟ್ಟಿದ್ಲು, ಆದ್ರೆ ಕೆಸರು ಬಿಟ್ಟು ಉಪ್ಪು ಮಾತ್ರ ಬಾಚೋಕೆ ಅವಳಿಗೆ ಸೋಮಾರಿತನ. ಸೋಮಿದು ಚೆನ್ನಾಗಿತ್ತಂತೆ. ತುಳಸುದು ಬಾಯಿಗಿಟ್ಟದ್ದೇ ಬೀರಮ್ಮಂಗೆ ನಾಲಿಗೆ ಬುಡ ಹಿಡ್ಕೊಂಡ ಹಾಗಾಯ್ತಂತೆ. ಇದು ಯಾವ ಕಹಿ ಅಂತ ಆ ಮುದುಕಿಗೆ ಆ ಕ್ಷಣಕ್ಕೇ ಗೊತ್ತಾಯ್ತು, ಗೊತ್ತಾಗಿಯೂ ಬಾಯಿ ಬಿಡಲಿಲ್ಲಂತೆ. ಯಾಕೆ ಬಿಡಲಿಲ್ಲ ಅಂತ ಆಮೇಲೆ ಹೇಳ್ತೀನಿ, ತಾಳು.

ಅತ್ತೆ ಮುಖ ಹಿಂಡಿದ್ದು ನೋಡಿ ತುಳಸು ಬುದ್ಧಿ ಎಲ್ಲಿಗೆ ಓಡ್ತು ಹೇಳು? ಮಧ್ಯಾಹ್ನ ಎಲ್ಲರೂ ಊಟ ಮಾಡಿ ಅಡ್ಡಾದಾಗ, ತನ್ನ ಬುಟ್ಟಿ ಉಪ್ಪನ್ನ ಸೋಮಿ ಬುಟ್ಟಿಗೆ, ಸೋಮಿ ಬುಟ್ಟಿದನ್ನ ತನ್ನದಕ್ಕೆ ಸುರಿದುಬಿಟ್ಲಂತೆ. ಎರಡನೇ ಪರೀಕ್ಷೆಗೆ ಮಾವಿನಮಿಡಿ ಉಪ್ಪಲ್ಲಿ ಹಾಕಿದ್ರು, ತುಳಸು ಹೆಸರಿನ ಮಿಡಿ ಘಮಘಮ, ಸೋಮಿ ಹೆಸರಿನ ಮಿಡಿ ಕಟುಕಹಿ. ಮೂರನೇದಕ್ಕೆ, ಮೊದಲ ಮಳೆ ಹೊತ್ತಿಗೆ ಬುಟ್ಟಿಗಳನ್ನ ಮನೆ ಮಾಡಿನ ಸೂರಿಗೆ ನೇತು ಹಾಕಿದ್ರು. ಕಹಿ ಸೇರಿದ ಉಪ್ಪು ಗಾಳಿಯಲ್ಲಿರೋ ತೇವ ಎಲ್ಲ ಕುಡೀತದೆ, ಸೋಮಿ ಬುಟ್ಟಿ ತೊಟತೊಟ ಸುರೀತು, ತುಳಸು ಬುಟ್ಟಿ ಹಾಗೇ ಇತ್ತು. ಸೋಮಿ ಕಕ್ಕಾಬಿಕ್ಕಿಯಾಗಿ ಅತ್ಲಂತೆ, ನಾನು ಮಾಡಿದ ಉಪ್ಪು ಹಿಂಗಾಗೋಕೆ ಸಾಧ್ಯನೇ ಇಲ್ಲ ಅಂತ. ಬೀರಮ್ಮಂಗೂ ಅನುಮಾನ, ಆದ್ರೆ ಕೇಳೋಕೆ ಹೋದ್ರೆ ತನ್ನ ಗುಟ್ಟೂ ಹೊರಗೆ ಬರ್ತದೆ. ಆಡಿದ ಮಾತಿನಂತೆ ಭರಣಿ ಎತ್ತಿ ತುಳಸು ಕೈಗಿಟ್ಲಂತೆ.

ಮಾರನೇ ದಿನ ಸೋಮಿ ಗೆರಟೆ ಹಿಡಿದು ಬಂದು ನಿಂತ್ಲು. ತುಳಸು ಕಂಡೂ ಕಾಣದ ಹಾಗೆ ಅವಲಕ್ಕಿ ಆರಿಸಿದ್ಲಂತೆ, ಸೆರಗು ಸರಿಮಾಡ್ಕೊಂಡ್ಲಂತೆ, ಆಮೇಲೆ ಓ ನೀನಾ ಅಂತ ಎರಡು ಹರಳು ಉದುರಿಸಿದ್ಲಂತೆ. ಎಂಥಾ ಸುಖ ಅಂತೀಯಾ! ಆದ್ರೆ ಹೊಸ ಯಜಮಾನ್ತಿ ಭರಣಿ ತುಂಬೋದು ತನ್ನ ರಾಶಿಯ ಉಪ್ಪಿನಿಂದಲೇ, ಅದೇ ಆ ಮನೆ ಪದ್ಧತಿ. ಉಪ್ಪು ತಿಂದವ ನೀರು ಕುಡೀಲೇಬೇಕಲ್ಲ! ಅವತ್ತು ಮೂರು ಒಲೆಯ ಅಡುಗೆಯೂ ಕಹಿ, ಸಾರು ಕಹಿ, ಮೀನು ಕಹಿ. ತುಳಸು ಗಂಡ ತಟ್ಟೆ ದೂಡಿ ಎದ್ದು ಹೋದನಂತೆ. ತುಳಸುಗೊಂದು ಪುಟ್ಟ ಮಗಳಿತ್ತು, ಅದು ಗಂಜಿ ಉಗುಳಿ ಉಗುಳಿ ಅತ್ತು, ಹಸಿದ ಹೊಟ್ಟೆಯಲ್ಲೇ ಅಳ್ತಾ ಕೂತಿತ್ತಂತೆ.

ಸೋಮಿ ತನ್ನ ಸಾರು ನೆಕ್ಕಿ ನೋಡಿದ್ಲು, ಆ ಕಹಿ ಅವಳಿಗೆ ಗುರುತು ಸಿಕ್ತು, ಸೌಟು ಹಿಡ್ಕೊಂಡೇ ಬಂದ್ಲಂತೆ. ಅಕ್ಕಾ, ಇದು ಕಹಿನೀರಿನ ಉಪ್ಪು, ನನ್ನ ಬುಟ್ಟಿಗೆ ಬಂದಿದ್ದೂ ಇದೇ, ಬದಲಾಯಿಸಿದವಳು ನೀನೇ ಅಂತ ಕಿರುಚಿದ್ಲಂತೆ. ತುಳಸು ಬಿಟ್ಟಾಳಾ? ಹೌದೇ, ನಾನೇ! ಈ ಮನೆಗೆ ಮೈ ತೇಯ್ದವಳು ನಾನು, ಒಂದು ದಿನ ಈ ಅತ್ತೆ ಬಾಯಲ್ಲಿ ಒಳ್ಳೇ ಮಾತು ಬಂತಾ? ನೀನು ಬಂದದ್ದೇ ಸೋಮಿ ಕೈ, ಸೋಮಿ ಕೈ! ನಂಗೆ ಹೊಟ್ಟೆ ಉರೀತು, ಈಗಲೂ ಉರೀತಿದೆ ಅಂದ್ಲಂತೆ. ಸೋಮಿನೂ ಬಿಡಲಿಲ್ಲ, ನಂಗೇನು ಹೊಟ್ಟೆ ಉರಿಯಲ್ವಾ, ಅತ್ತೆ ನಿದ್ದೆಗಣ್ಣಲ್ಲೂ ಕೂಗೋದು ತುಳಸೂ ಅಂತಲೇ, ನೀರು ಬೇಕಾದ್ರೂ ತುಳಸು, ಕಾಲು ನೋವಾದ್ರೂ ತುಳಸು, ನನ್ನ ಹೆಸರು ಹೊಗಳೋಕೆ ಮಾತ್ರ, ಕರೆಯೋಕಲ್ಲ ಅಂತ ಗೊಳೋ ಅಂದ್ಲಂತೆ. ಆಮೇಲೆ ಮೂಗು ಒರೆಸ್ಕೊಂಡು ಕೇಳಿದ್ಲು, ಅಲ್ಲಕ್ಕಾ, ಇಷ್ಟು ವರ್ಷ ಆಗರದಲ್ಲಿ ದುಡಿದವಳು, ಕಹಿನೀರು ಬಿಡ್ಬೇಕು ಅಂತ ನಿಂಗೆ ಗೊತ್ತಿಲ್ವಾ?

ತುಳಸು ಬೆಪ್ಪಾಗಿ, ಯಾವ ಕಹಿನೀರು ಅಂದ್ಲಂತೆ.

ಎಲ್ಲರೂ ಅತ್ತೆ ಮುಖ ನೋಡಿದ್ರು. ಬೀರಮ್ಮ ತಲೆ ತಗ್ಗಿಸಿ ಹೇಳಿದ್ಲಂತೆ, ನೀರು ಬಿಡೋ ಹೊತ್ತಿಗೆ ಸರಿಯಾಗಿ ನಾನು ನಿನ್ನನ್ನ ಗಂಜಿ ತರೋಕೆ ಮನೆಗೆ ಕಳಿಸ್ತಿದ್ದೆ ಕಣೇ ತುಳಸು, ಪ್ರತಿ ಸಲವೂ. ಉಳಿದ ಕೆಲಸ ಎಲ್ಲ ನೀನು ನನಗಿಂತ ಚೆನ್ನಾಗಿ ಕಲಿತಿದ್ದೆ. ಅದೊಂದೂ ಕಲಿತುಬಿಟ್ರೆ ಈ ಮನೆಯಲ್ಲಿ ನನ್ನನ್ನ ಯಾರು ಕೇಳ್ತಿದ್ರು? ನಂಗೂ ಹೊಟ್ಟೆಕಿಚ್ಚೇ.

ಮಗು ಅಳ್ತಾ ಇತ್ತಲ್ಲ, ತುಳಸು ಎದ್ದು ಹೋಗಿ ಗೆರಟೆ ತಗೊಂಡ್ಲು, ಸೋಮಿ ಮುಂದೆ ಬಂದು ನಿಂತ್ಲು. ಯಾವುದಕ್ಕಿಂತ ಹೊಳೆಗೆ ಹಾರೋದೇ ವಾಸಿ ಅಂದಿದ್ಲೋ, ಅದನ್ನೇ ಮಾಡಿದ್ಲು. ಮಗು ಹಸಿದಿದೆ, ಗಂಜಿಗೆ ಸ್ವಲ್ಪ ಉಪ್ಪು ಹಾಕು ಅಂದ್ಲಂತೆ. ಸೋಮಿ ಓಡಿಹೋಗಿ ತನ್ನ ರಾಶಿಯಿಂದ ಗೆರಟೆ ತುಂಬಿ ಚೆಲ್ಲೋವಷ್ಟು ತಂದುಕೊಟ್ಟು, ಅಕ್ಕಾ, ಮಗು ಜೊತೆ ನೀನೂ ಉಣ್ಣು ಅಂದ್ಲಂತೆ. ಆಗ ಗಿರಿಜಿ, ಅಷ್ಟು ಹೊತ್ತೂ ಹಸಿದು ಸುಮ್ನೆ ಕೂತಿದ್ದವಳು, ಭರಣಿಯ ಕಹಿ ಉಪ್ಪು ಚೆಲ್ಲಿ, ಸೋಮಿ ರಾಶಿಯದನ್ನ ತುಂಬಿ, ಮೂರು ಒಲೆಯ ಮಧ್ಯೆ ಕುಕ್ಕಿ, ಇನ್ನು ಯಾರಿಗೆ ಬೇಕೋ ಅವರೇ ತೆಗೀರಿ, ನಿಮ್ಮ ಜಗಳದಲ್ಲಿ ಮೀನು ತಣ್ಣಗಾಯ್ತು ಅಂದ್ಲಂತೆ. ತುಳಸುನ ಕಹಿ ರಾಶಿ ಏನಾಯ್ತು ಅಂತೀಯಾ? ಸ್ವಲ್ಪ ತೆಂಗಿನ ಬುಡಕ್ಕೆ ಹೋಯ್ತು, ಸ್ವಲ್ಪ ಬಿಸಿನೀರಿಗೆ ಬಿದ್ದು ಬೀರಮ್ಮನ ಬಾತ ಕಾಲಿಗೆ ಹಿತವಾಯ್ತಂತೆ.

ಆಮೇಲೆ ಮಳೆಗಾಲ ಕಳೀತು, ಚಳಿ ಕಳೀತು, ಮತ್ತೆ ಮಡಿಗೆ ನೀರು ಕಟ್ಟಿದ್ರು. ಹರಳು ಕೂತ ದಿನ ತುಳಸು ವಾಡಿಕೆಯಂತೆ, ಗಂಜಿ ತರ್ಲಾ ಅತ್ತೆ ಅಂತ ಹೊರಟ್ಲಂತೆ. ಬೀರಮ್ಮ ಅವಳ ಸೆರಗು ಹಿಡಿದು ಪಕ್ಕಕ್ಕೆ ಕೂರಿಸ್ಕೊಂಡು, ಗಂಜಿಗೆ ಗಿರಿಜಿ ಹೋಗ್ತಾಳೆ, ನೀನು ಬಾ ಅಂತ, ಅವಳ ಬೆರಳು ಹಿಡಿದು ನೀರಲ್ಲಿ ಅದ್ದಿಸಿದ್ಲಂತೆ. ನಾಲಿಗೆಗೆ ಇಟ್ಕೋ, ಬುಡ ಹಿಡೀತಾ? ಇನ್ನೂ ಇಲ್ಲ ಅತ್ತೆ. ತಾಳು, ಇನ್ನೂ ಸ್ವಲ್ಪ ಕಾಯಿ. ಬಿಸಿಲಲ್ಲಿ ಇಬ್ಬರೂ ಹಾಗೇ ಕೂತ್ರಂತೆ, ಮತ್ತೆ ಅದ್ದಿದ್ರು, ಮತ್ತೆ ಕೂತ್ರು. ಕೊನೆಗೆ ತುಳಸು ಮುಖ ಹಿಂಡಿ, ಹಿಡೀತು ಅತ್ತೆ ಅಂದ್ಲು. ಹಾಗಾದ್ರೆ ಒಡಿ ಅಂದ್ಲಂತೆ ಬೀರಮ್ಮ. ತುಳಸು ಬದು ಒಡೆದ್ಲು, ನೀರೆಲ್ಲ ಹೊರಟುಹೋಯ್ತು, ತಳದಲ್ಲಿ ಬೆಳ್ಳಗೆ ಉಪ್ಪು ಕೂತಿತ್ತು. ಎಷ್ಟು ಚೆನ್ನಾಗಿ ಮಾಡಿದ್ದೀಯೇ ತುಳಸು ಅಂತ ಬೀರಮ್ಮ ಎಲ್ಲರಿಗೂ ಕೇಳೋ ಹಾಗೆ ಗಟ್ಟಿಯಾಗಿ ಅಂದ್ಲಂತೆ.

ಅವರು ಅಲ್ಲಿ ಉಂಡು ಸುಖವಾಗಿದ್ರು, ನಾವಿಲ್ಲಿ ಉಂಡು ಮಲಗಿದ್ದೀವಿ, ಅಲ್ಲಿಗೆ ಕತೆನೂ ಮುಗೀತು. ಏ, ನಿದ್ದೆ ಬಂತಾ? ಇನ್ನೊಂದು ಅಂತ ಕೇಳಿದ್ರೆ ನೋಡು ಮತ್ತೆ. ಮಗ್ಗಲು ತಿರುಗು, ಮಲಗು.